ಪರವಾಗಿಲ್ಲ ಮಾಮನ ಮಗಳು

ಆ ಬೀದಿಯಲ್ಲಿ ಸೈಕಲ್ ರಿಪೇರಿ ಮಾಡುವವನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು. ಅದನ್ನು ಕರೆಂಟು ಬಿಲ್ಲಿನವರು ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವನು ಪರವಾಗಿಲ್ಲ ಮಾಮ. ಹೊಸ ಸೀಟು ಹಾಕಿಸಿಕೊಂಡು ಒಂದು ಸುತ್ತು ಹೊಡೆದು ಬಂದವರು ಹೇಗೆ ಕಾಣುತ್ತದೆ ಎಂದು ಕೇಳಿದರೆ ಪರವಾಗಿಲ್ಲ. ಗಾಳಿ ಪಂಪನ್ನು ಹೇಳದೆ ಕೇಳದೆ ಒಯ್ದು ಮೂರು ದಿನ ಬಿಟ್ಟು ತಂದಿಟ್ಟವರು ತಲೆ ಕೆರೆದುಕೊಂಡು ನಿಂತರೂ ಪರವಾಗಿಲ್ಲ. ಜ್ವರ ಹೇಗಿದೆ ಎಂದರೂ ಅದೇ, ಟೀ ಹೇಗಿದೆ ಎಂದರೂ ಅದೇ. ಮದುವೆಗೆ ಮುಂಚೆ ಹುಡುಗಿಯನ್ನು ನೋಡಿಬಂದ ದಿನವೂ ಅವನ ಬಾಯಿಂದ ಉದುರಿದ್ದು ಅದೇ ಮುತ್ತಂತೆ. ಹೆಂಡತಿ ಇವತ್ತಿಗೂ ಅದನ್ನು ಹೊಟ್ಟೆಗೆ ಹಾಕಿಕೊಂಡಿಲ್ಲ.

ಈ ಮಾತಿನ ಸ್ವಭಾವ ಎಲ್ಲರಿಗೂ ಗೊತ್ತಿರುವುದೇ. ಮೆಚ್ಚಿಕೆ ಬೇಕಾದವರಿಗೆ ಅದು ಮೆಚ್ಚಿಕೆ, ಕ್ಷಮೆ ಬೇಕಾದವರಿಗೆ ಕ್ಷಮೆ. ಎರಡೂ ಬೇಡದವರಿಗೆ 'ಆದರೆಷ್ಟು, ಬಿಟ್ಟರೆಷ್ಟು' ಎಂದೂ ಕೇಳಿಸುತ್ತದೆ. ಅಡ್ಡಗೋಡೆಯ ಮೇಲೆ ದೀಪ ಇಡುವವರಿಗೆ ಇದಕ್ಕಿಂತ ಅನುಕೂಲದ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ಆದರೆ ಮಾಮ ದೀಪ ಇಡುವ ಪೈಕಿಯವನಲ್ಲ. ಅವನ ಮಟ್ಟಿಗೆ ಅದು ಜಗತ್ತಿನಲ್ಲೇ ದೊಡ್ಡ ಹೊಗಳಿಕೆ. ಅವನಪ್ಪನೂ ಸೈಕಲ್ ರಿಪೇರಿಯವನೇ. ಆ ಮಹಾನುಭಾವ ಹೂಂ ಅನ್ನುವುದನ್ನು ಬಿಟ್ಟು ಬೇರೇನೂ ಅಂದವನಲ್ಲ. ಮಾಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಬರೀ ರಿಮ್ಮು, ಮೂವತ್ತಾರು ಕಡ್ಡಿಗಳನ್ನು ಮುಂದಿಟ್ಟುಕೊಂಡು ಮೊದಲ ಬಾರಿಗೆ ಒಂದು ಚಕ್ರ ಕಟ್ಟಿದ. ಅಪ್ಪ ಅದನ್ನು ತಿರುಗಿಸಿ, ಕಣ್ಣು ಕಿರಿದು ಮಾಡಿ ನೋಡಿ, ಪರವಾಗಿಲ್ಲ ಕಣೋ ಎಂದ. ಅಷ್ಟೇ. ಇಪ್ಪತ್ತೈದು ವರ್ಷ ಮಾಮ ಆ ಒಂದು ಮಾತಿನ ಮೇಲೆ ಬದುಕಿದ್ದ. ಹೀಗಾಗಿ ಅವನು ಯಾರಿಗಾದರೂ ಪರವಾಗಿಲ್ಲ ಎಂದಾಗ ಪದಕ ತೊಡಿಸಿದಷ್ಟೇ ಸಂತೋಷಪಡುತ್ತಿದ್ದ. ಪದಕ ಹಾಕಿಸಿಕೊಂಡವರಿಗೆ ಅದು ಗೊತ್ತಾಗಬೇಕಲ್ಲ!

ಅವನಿಗೆ ಒಬ್ಬಳೇ ಮಗಳು. ವಯಸ್ಸು ಹದಿನೈದು. ನಡೆಯಲು ಕಲಿತಾಗಿನಿಂದ ಅಂಗಡಿಯಲ್ಲೇ ಬೆಳೆದವಳು. ರಿಪೇರಿಗೆ ಬಂದ ಸೈಕಲ್ಲುಗಳ ಬೆಲ್ಲನ್ನು ಒಂದೂ ಬಿಡದೆ ಬಾರಿಸಿ ಬೀದಿಯವರ ಕಿವಿ ತೂತು ಮಾಡುತ್ತಿದ್ದಳೆಂದು ಅವಳಿಗೆ ಬೆಲ್ಲು ಎಂದೇ ಹೆಸರಾಯಿತು. ಗಲ್ಲಾದ ಪಕ್ಕ ಅವಳದೊಂದು ಮೋಟು ಸ್ಟೂಲು. ಅಲ್ಲಿ ಕೂತು ಬಾಯಿಗೆ ವಿರಾಮವಿಲ್ಲದೆ ಮಾತಾಡುವಳು: ಟೀಚರ್ ಸೀನಿದ್ದು, ಗೆಳತಿಯ ಹಲ್ಲು ಬಿದ್ದದ್ದು, ಕಪ್ಪೆಗೆ ಕಿವಿ ಇದೆಯೋ ಇಲ್ಲವೋ. ಮಾಮ ಪಂಕ್ಚರ್ ಹಾಕುತ್ತ ಹೂಂಗುಟ್ಟುವನು. ಒಂಬತ್ತು ವರ್ಷಕ್ಕೆಲ್ಲ ಚಕ್ರದ ಬೆಂಡ್ ತೆಗೆಯುವುದನ್ನೂ ಕಲಿತಳು. ಅದು ಅಂಗಡಿಯಲ್ಲೇ ನಾಜೂಕಿನ ಕೆಲಸ. ಚಕ್ರವನ್ನು ಸ್ಟ್ಯಾಂಡಿಗೆ ಏರಿಸಿ ತಿರುಗಿಸಬೇಕು, ರಿಮ್ಮಿನ ಹತ್ತಿರ ಸೀಮೆಸುಣ್ಣ ಹಿಡಿಯಬೇಕು. ಎಲ್ಲಿ ಗೀರು ಬೀಳುತ್ತದೋ ಚಕ್ರ ಅಲ್ಲಿ ಹೊರಗೆ ವಾಲಿದೆ ಎಂದು ಅರ್ಥ. ಅಲ್ಲಿ ಒಂದು ಕಡೆಯ ಕಡ್ಡಿ ಸಡಿಲಿಸಿ, ಎದುರು ಕಡೆಯದನ್ನು ಬಿಗಿಯಬೇಕು. ಬಿಗಿಯುವುದೆಂದರೆ ಕಡ್ಡಿ ತಿರುಗಿಸುವ ಚಾವಿ ಹಿಡಿದು ಗಿರಗಿರ ತಿರುವುವುದಲ್ಲ. ಕಾಲು ಸುತ್ತು, ಮತ್ತೆ ತಿರುಗಿಸಿ ನೋಡು, ಮತ್ತೆ ಕಾಲು ಸುತ್ತು. ಸಿಟ್ಟಿನಿಂದ ಒಂದು ಪೂರ್ತಿ ಸುತ್ತು ಕೊಟ್ಟೆಯೋ, ಇಲ್ಲಿನ ಬೆಂಡು ಹೋಗಿ ಆ ಬದಿಗೆ ಎರಡು ಬಂದು ಕೂರುತ್ತದೆ.

ಬೆಲ್ಲುವಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಕಾಲು ಸುತ್ತು ಎಂದರೆ ಮುಕ್ಕಾಲು ಸುತ್ತುವಳು. ಚಕ್ರ ಎಂಟರ ಆಕಾರಕ್ಕೆ ಬಂದರೆ ಚಾವಿ ಬಿಸಾಕಿ ಸ್ಟೂಲಿನ ಮೇಲೆ ಮುಖ ಊದಿಸಿಕೊಂಡು ಕೂರುವಳು. ಮಾಮ ಬೈದವನಲ್ಲ. ಪರವಾಗಿಲ್ಲ ಎಂದು ಚಕ್ರವನ್ನು ತನ್ನ ಕಡೆ ಎಳೆದುಕೊಂಡು ಸರಿ ಮಾಡುತ್ತಿದ್ದ. ಸರಿಯಾಗಿ ಮಾಡಿದ ದಿನವೂ ಪರವಾಗಿಲ್ಲ ಎನ್ನುತ್ತಿದ್ದ. ಹಾಳು ಮಾಡಿದ ಪರವಾಗಿಲ್ಲ ಬೇರೆ, ಚೆನ್ನಾಗಿ ಮಾಡಿದ ಪರವಾಗಿಲ್ಲ ಬೇರೆ ಎಂದು ಅವನಿಗೆ ಗೊತ್ತಿತ್ತು. ಮಗುವಿಗೆ ಹೇಗೆ ಗೊತ್ತಾಗಬೇಕು?

ಹನ್ನೆರಡು ತುಂಬುವಾಗ ಅವಳು ಅಂಗಡಿಗೆ ಬರುವುದು ಕಡಿಮೆಯಾಯಿತು. ಮೊದಲು ಪರೀಕ್ಷೆ ಎಂದಳು, ಆಮೇಲೆ ಗೆಳತಿಯರು ಎಂದಳು, ಆಮೇಲೆ ಏನೂ ಅನ್ನಲಿಲ್ಲ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಫೋನಿನಲ್ಲಿ ನಗುವುದು ಮಾತ್ರ ಕೇಳಿಸುತ್ತಿತ್ತು. ಆ ನಗು ಅವನಿಗೆ ಹಳೆಯದೇ, ಗಲ್ಲಾದ ಪಕ್ಕ ದಿನವೂ ಕೇಳುತ್ತಿದ್ದದ್ದೇ. ಈಗ ಗೋಡೆಯಾಚೆಯಿಂದ ಕೇಳಬೇಕಾಗಿತ್ತು. ಮಾಮ ಬಾಗಿಲ ಹೊರಗೆ ಕೈ ಒರೆಸಿಕೊಳ್ಳುವ ನೆಪದಲ್ಲಿ ಬಟ್ಟೆ ಹಿಡಿದು ನಿಂತು, ಒರೆಸಿದ ಕೈಯನ್ನೇ ಒರೆಸುತ್ತ, ಕಪ್ಪೆಯ ಕಿವಿಯ ವಿಷಯ ಏನಾಯಿತೆಂದು ಕೇಳಲೇ ಎಂದು ಯೋಚಿಸುವನು. ಕೇಳುತ್ತಿರಲಿಲ್ಲ. ಅವಳ ಮಾತು ಅವನಿಗೆ ಅಷ್ಟು ಬೇಕಾಗಿತ್ತು, ಕೇಳಲು ನಾಲಿಗೆ ಮಾತ್ರ ಏಳುತ್ತಿರಲಿಲ್ಲ. ಅಂಗಡಿಯಲ್ಲಿ ಗಿರಾಕಿಗಳು ಸ್ಟೂಲು ಎಳೆದುಕೊಂಡು ಕೂರಲು ಹೋದರೆ, ಅದರ ಕಾಲು ಸರಿಯಿಲ್ಲ ಎಂದು ಸುಳ್ಳು ಹೇಳಿ ನಿಲ್ಲಿಸಿಯೇ ಕಳಿಸುತ್ತಿದ್ದ.

ಹದಿನೈದಕ್ಕೆ ಬರುವ ಹೊತ್ತಿಗೆ ಬೆಲ್ಲುವಿನ ಸಿಟ್ಟೂ ಅವಳ ಜೊತೆ ಬೆಳೆದಿತ್ತು. ಒಂದು ದಿನ ಶಾಲೆಯಿಂದ ಕರೆ ಬಂತು. ಕ್ಲಾಸಿನ ಹುಡುಗಿಯೊಬ್ಬಳ ತಲೆ ಮೇಲೆ ಬಾಟಲಿಯ ನೀರನ್ನೆಲ್ಲ ಸುರಿದು, ಖಾಲಿ ಬಾಟಲಿಯನ್ನು ಬೀಸಿ ಎಸೆದು, ಕಿಟಕಿಯ ಗಾಜು ಒಡೆದಿದ್ದಳು. ಆ ವರ್ಷ ಅದು ಎರಡನೆಯ ಜಗಳ. ಯಾಕೆಂದು ಎಷ್ಟು ಕೇಳಿದರೂ ಬಾಯಿಗೆ ಬೀಗ. ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಅವತ್ತು ರಜೆ ಸಿಗಲಿಲ್ಲ. ಮಾಮನೇ ಅಂಗಿ ಬದಲಿಸಿ ಹೋದ.

ಶಾಲೆಯಲ್ಲಿ ಬೆಂಡೆತ್ತುತ್ತಾರೆ ಎಂದು ಹೆದರಿ ಹೋದವನಿಗೆ ಕೌನ್ಸೆಲರ್ ಮೇಡಂ ಕುರ್ಚಿ ಕೊಟ್ಟು ಕೂರಿಸಿದರು. ಇನ್ನೂ ಮೂವತ್ತು ದಾಟದ ಹೆಣ್ಣುಮಗಳು, ಮಾತು ಮೆತ್ತಗೆ. ಈ ವಯಸ್ಸಿನಲ್ಲಿ ಸಿಟ್ಟು ಬರುವುದು ತಪ್ಪಲ್ಲ, ಅದನ್ನು ಹಿಡಿಯಲು ಕಲಿಯಬೇಕು, ಕಲಿಯಬಹುದು ಎಂದು ಬಿಡಿಸಿ ಹೇಳಿದರು. ಒಂದು ಹಾಳೆ ಕೊಟ್ಟರು. ಮೊದಲು ನಿಲ್ಲು. ಉಸಿರೆಳೆದು ಹತ್ತು ಎಣಿಸು. ಸಮಸ್ಯೆ ಏನೆಂದು ಒಂದೇ ವಾಕ್ಯದಲ್ಲಿ ಬರೆ. ಮೂರು ದಾರಿ ಯೋಚಿಸು, ಒಂದನ್ನು ಆರಿಸು. ಹಾಗೆ ಮಾಡಿದ ದಿನ ಬೆಲ್ಲು ಅದರಲ್ಲಿ ಒಂದು ಗುರುತು ಹಾಕಬೇಕು. ಹಾಳೆಯ ಕೆಳಭಾಗ ಮನೆಯವರಿಗೆ: ಮಗಳು ಸಿಟ್ಟನ್ನು ತಡೆದುಕೊಂಡ ದಿನ ಅವಳನ್ನು ತಕ್ಷಣ ಹೊಗಳಬೇಕು, ಬಾಯಿಬಿಟ್ಟು ಹೊಗಳಬೇಕು, ಯಾವುದಕ್ಕೆ ಹೊಗಳುತ್ತಿದ್ದೇವೆ ಎಂದು ಹೇಳಿ ಹೊಗಳಬೇಕು.

ಮಾಮನಿಗೆ ಹಾಳೆಯ ಮೇಲ್ಭಾಗ ಓದಿ ಮೈ ಜುಮ್ಮೆಂದಿತು. ಇದು ಬೆಂಡ್ ತೆಗೆಯುವುದೇ ಅಲ್ಲವೇ! ನಿಲ್ಲಿಸು, ಎಲ್ಲಿ ಗೀರು ಬಿದ್ದಿದೆ ನೋಡು, ಕಾಲು ಸುತ್ತು. ನಿಮ್ಮಷ್ಟು ಚೆನ್ನಾಗಿ ಇದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ ಎಂದು ಮೇಡಂಗೆ ಹೇಳಬೇಕೆನಿಸಿತು. ಹಾಳೆಯನ್ನು ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟು, "ಪರವಾಗಿಲ್ಲ ಮೇಡಂ" ಎಂದ. ಪಾಪ, ಆ ಹೆಣ್ಣುಮಗಳ ಮುಖ ಬಾಡಿತು.

ಹಾಳೆಯ ಕೆಳಭಾಗ ಅವನನ್ನು ಹಣ್ಣುಗಾಯಿ ಮಾಡಿತು. ಹೊಗಳುವುದು ಹೇಗೆ? ಅಂಗಡಿಯಲ್ಲಿ ಯಾರೂ ಇಲ್ಲದಾಗ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ತೂತು ಹುಡುಕುತ್ತ ಶಭಾಷ್ ಎಂದು ಅಭ್ಯಾಸ ಮಾಡಿದ. ನಾಟಕದ ರಾಜನ ಹಾಗೆ ಕೇಳಿಸಿತು. ಭೇಷ್ ಎಂದು ನೋಡಿದ, ಕುದುರೆಗೆ ಹೇಳಿದಂತಾಯಿತು. ಬಹಳ ಚೆನ್ನಾಗಿದೆ ಎಂಬುದನ್ನು ನಾಲ್ಕು ಸಲ ಹೇಳುವಷ್ಟರಲ್ಲಿ ಹಿಂದೆ ಯಾರೋ ಗಿರಾಕಿ ನಿಂತು, ಪಂಕ್ಚರ್ ಅಷ್ಟು ಚೆನ್ನಾಗಿದೆಯಾ ಎಂದು ಕೇಳಿದರು. ಹೆಂಡತಿ ವಿಷಯ ತಿಳಿದು ಬಿದ್ದು ಬಿದ್ದು ನಕ್ಕಳು. ಮೊದಲು ನನ್ನ ಮೇಲೆ ಅಭ್ಯಾಸ ಮಾಡಿ, ನಾನೇನೂ ಬೇಡ ಅನ್ನುವುದಿಲ್ಲ ಎಂದಳು.

ಬೆಲ್ಲು ಮೊದಮೊದಲು ಆ ಹಾಳೆಯನ್ನು ಕಂಡರೆ ಮೂಗು ಮುರಿಯುತ್ತಿದ್ದವಳು, ಮೆಲ್ಲನೆ ಅದಕ್ಕೆ ಮನಸ್ಸು ಕೊಟ್ಟಳು. ಒಂದು ಶನಿವಾರ ಮಧ್ಯಾಹ್ನ ಮಾಮ ಊಟಕ್ಕೆ ಕೂತಿದ್ದಾಗ ಹಾಳೆ ತಂದು ತಟ್ಟೆಯ ಪಕ್ಕ ಇಟ್ಟಳು. ಆರಕ್ಕೆ ಆರು ದಿನವೂ ಗುರುತು. ಅವಳು ಬಾಗಿಲ ಚೌಕಟ್ಟಿಗೆ ಒರಗಿ, ತನಗೇನೂ ಆಗಬೇಕಾಗಿಲ್ಲ ಎಂಬಂತೆ ಉಗುರು ನೋಡಿಕೊಳ್ಳುತ್ತ ನಿಂತಿದ್ದಳು. ಮಾಮ ಗುರುತುಗಳನ್ನು ಒಂದೊಂದಾಗಿ ಎಣಿಸಿದ. ಆರು ದಿನ! ಈ ಸಿಟ್ಟಿನ ಗಿಣಿ ಆರು ದಿನ ತಡೆದುಕೊಂಡಿದೆ! ಹೇಳಬೇಕಾದ ಮಾತುಗಳೆಲ್ಲ ಒಟ್ಟಿಗೆ ನುಗ್ಗಿ ಬಾಗಿಲಲ್ಲೇ ಸಿಕ್ಕಿಕೊಂಡವು. ಕೊನೆಗೆ ಹೊರಗೆ ಬಂದದ್ದು ಒಂದೇ.

"ಪರವಾಗಿಲ್ಲ."

ಬೆಲ್ಲು ಸ್ವಲ್ಪ ಹೊತ್ತು ಕಾದಳು. ಮುಂದೆ ಏನಾದರೂ ಬರಬಹುದೆಂದು ಕಾದಳು. ಆಮೇಲೆ ಹಾಳೆ ಮಡಿಸಿಕೊಂಡು ಒಳಗೆ ಹೋದಳು. ಮಾಮನಿಗೆ ಅವತ್ತು ಅನ್ನ ರುಚಿಸಿತು. ಮಗಳನ್ನು ಹೊಗಳಿದ ಸಮಾಧಾನದಲ್ಲಿ ಎರಡನೆಯ ಸಲ ಬಡಿಸಿಕೊಂಡು ಉಂಡ. ಇಂಥ ದಡ್ಡನನ್ನು ಏನೆನ್ನಬೇಕು?

ಆ ದಿನಗಳಲ್ಲೇ ಬೆಲ್ಲುವಿನ ದೊಡ್ಡಮ್ಮ ಬಂದುಹೋಗಿದ್ದಳು. ಅವಳು ಹೆಂಡತಿಯ ಅಕ್ಕ, ಬಸ್ಸಿನಲ್ಲಿ ಏಳು ಗಂಟೆ ದೂರದ ಊರಿನ ಹಾಸ್ಟೆಲ್ ಶಾಲೆಯೊಂದರಲ್ಲಿ ಟೀಚರು. ಆ ಶಾಲೆಯಲ್ಲಿ ಮಕ್ಕಳು ಯಂತ್ರ ಬಿಚ್ಚಿ ಜೋಡಿಸುವ ದೊಡ್ಡ ವರ್ಕ್‌ಶಾಪಿದೆ, ನಿನ್ನ ಕೈಗೆ ಅದು ಹೇಳಿ ಮಾಡಿಸಿದ ಜಾಗ ಎಂದು ಬೆಲ್ಲುವಿಗೆ ಹೇಳಿ ಹೋಗಿದ್ದಳು. ಮಾಮ ಆಗ ಅಂಗಡಿಯಲ್ಲಿದ್ದ. ಈ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ.

ಮುಂದಿನ ಶನಿವಾರ ಮಧ್ಯಾಹ್ನ ಬೆಲ್ಲು ಅಂಗಡಿಗೆ ಬಂದಳು. ಮೂರು ವರ್ಷದ ಮೇಲೆ, ತಾನಾಗಿಯೇ. ಮಾಮ ಹಸಿರು ಸೈಕಲ್ಲೊಂದರ ಹಿಂದಿನ ಚಕ್ರ ಬಿಚ್ಚುತ್ತಿದ್ದ. ಅವಳನ್ನು ಕಂಡವನ ಕೈಯಿಂದ ಪಾನಾ ಜಾರಿ ಕಾಲಿನ ಮೇಲೆ ಬಿತ್ತು, ನೋವಾದದ್ದೇ ಗೊತ್ತಾಗಲಿಲ್ಲ. ಅವಳು ಸ್ಟೂಲು ಎಳೆದುಕೊಂಡು ಕೂತಳು. ಮೊಣಕಾಲು ಈಗ ಗಲ್ಲಕ್ಕೆ ತಾಗುವಷ್ಟು ಮೇಲೆ ಬರುತ್ತಿತ್ತು. ಇದರ ಬೆಂಡ್ ನಾನು ತೆಗೆಯಲಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಚಕ್ರವನ್ನು ಸ್ಟ್ಯಾಂಡಿಗೆ ಏರಿಸಿದಳು.

ಮಾಮ ಬೇರೆ ಕೆಲಸ ಮಾಡುತ್ತಿರುವವನಂತೆ ನಟಿಸುತ್ತ ಕಳ್ಳಗಣ್ಣಿನಲ್ಲಿ ನೋಡಿದ. ಗೀರು ಬಿದ್ದಲ್ಲಿ ಅವಳು ನಿಲ್ಲಿಸುತ್ತಿದ್ದಳು. ಚಾವಿ ಹಾಕಿ ಕಾಲು ಸುತ್ತು. ತಿರುಗಿಸುವಳು. ನೋಡುವಳು. ಇನ್ನೊಂದು ಕಡ್ಡಿಗೆ ಕಾಲು ಸುತ್ತು. ಒಂದು ಸಲ ಬೆಂಡು ಎದುರಿಗೆ ಹೋಯಿತು. ಅವಳ ಕೈ ಬಿಗಿಯಿತು, ಚಾವಿ ಎಸೆದೇಬಿಡುತ್ತಾಳೆ ಎಂದುಕೊಂಡ ಮಾಮ. ಅವಳು ಎಸೆಯಲಿಲ್ಲ. ಕಣ್ಣು ಮುಚ್ಚಿ, ತುಟಿಯಲ್ಲೇ ಎಣಿಸಿ, ಮತ್ತೆ ಕಣ್ಣು ಬಿಟ್ಟು ಮೊದಲ ಕಡ್ಡಿಗೇ ಹೋದಳು. ಮುಕ್ಕಾಲು ಗಂಟೆಯಾಯಿತು. ಅಷ್ಟರಲ್ಲಿ ಯಾರೋ ಮೋಟರ್ ಸೈಕಲ್ಲಿಗೆ ಗಾಳಿ ಕೇಳಿದರು, ಮಾಮ ಕಂಪ್ರೆಸರ್ ಹಾಕಿದ. ಅಂಗಡಿಯೆಲ್ಲ ಗಡಗಡ. ಅದೇ ಹೊತ್ತಿಗೆ ಬೆಲ್ಲು ಚಕ್ರವನ್ನು ಜೋರಾಗಿ ತಿರುಗಿಸಿ ಸೀಮೆಸುಣ್ಣ ಹಿಡಿದಳು. ರಿಮ್ಮು ಸೀಮೆಸುಣ್ಣಕ್ಕೆ ಕೂದಲೆಳೆಯಷ್ಟು ದೂರದಲ್ಲಿ ತಿರುಗಿತು, ಎಲ್ಲೂ ತಾಗಲಿಲ್ಲ. ಅವಳು ಅಪ್ಪನ ಕಡೆ ತಿರುಗಿ ಏನೋ ಕೇಳಿದಳು. ತುಟಿ ಅಲ್ಲಾಡಿದ್ದು ಮಾಮನಿಗೆ ಕಂಡಿತು, ಮಾತು ಕೇಳಿಸಲಿಲ್ಲ. ಹೇಗಿದೆ ಎಂದು ಕೇಳುತ್ತಿದ್ದಾಳೆ, ಮತ್ತೇನು ಕೇಳುತ್ತಾಳೆ? ಅವನಪ್ಪ ಇದ್ದಿದ್ದರೆ ಆ ಚಕ್ರ ನೋಡಿ ಎದ್ದು ನಿಲ್ಲುತ್ತಿದ್ದ. ಮಾಮ ಇದ್ದಬದ್ದ ಪ್ರೀತಿಯನ್ನೆಲ್ಲ ಒಟ್ಟು ಮಾಡಿ, ಸದ್ದಿನ ಮೇಲೆ ಕೇಳಿಸುವಂತೆ ಗಟ್ಟಿಯಾಗಿ ಹೇಳಿದ.

"ಪರವಾಗಿಲ್ಲ."

ಬೆಲ್ಲು ತಲೆಯಾಡಿಸಿದಳು. ಚಾವಿಯನ್ನು ಅದರ ಮೊಳೆಗೆ ನೇತುಹಾಕಿ ಮನೆಗೆ ಹೋದಳು.

ಆ ವಾರ ಮಾಮನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇನ್ನು ಪ್ರತಿ ಶನಿವಾರ ಬರುತ್ತಾಳೆ ಎಂದು ಯಾರೂ ಹೇಳದಿದ್ದರೂ ತಾನೇ ನಿಶ್ಚಯಿಸಿಕೊಂಡ. ಮೊಣಕಾಲು ಗಲ್ಲಕ್ಕೆ ತಾಗದಿರಲೆಂದು ಸ್ಟೂಲಿನ ಕಾಲುಗಳಿಗೆ ಕಬ್ಬಿಣದ ತುಂಡು ಬೆಸುಗೆ ಹಾಕಿಸಿ ಎತ್ತರ ಮಾಡಿಸಿದ. ಚಾವಿಯ ಹಿಡಿ ಅವಳ ಕೈಗೆ ನೋಯಬಾರದೆಂದು ಹಳೇ ಟ್ಯೂಬು ಸುತ್ತಿದ. ಶನಿವಾರ ಮಧ್ಯಾಹ್ನವೆಲ್ಲ ಬೀದಿಯ ತುದಿಗೆ ಕಣ್ಣು ನೆಟ್ಟು ಕೂತ. ಅವಳು ಬರಲಿಲ್ಲ. ದೊಡ್ಡಮ್ಮ ಬರ್ತಾಳೆ ನಾಳೆ ಎಂದು ಹೆಂಡತಿ ಬೆಳಿಗ್ಗೆ ಅಂದಿದ್ದು ನೆನಪಾಯಿತು. ಮನೆಯಲ್ಲಿ ಕೆಲಸ ಇರಬೇಕು ಅಂದುಕೊಂಡ. ಹೆಂಡತಿಯ ಆ ಮಾತಿಗೂ ಅವನು ಅದೇ ಪರವಾಗಿಲ್ಲ ಎಂದಿದ್ದ ಎಂದು ಬೇರೆ ಹೇಳಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಒಂದು ಅರ್ಜೆಂಟ್ ರಿಪೇರಿ ಮುಗಿಸಿ ಹನ್ನೊಂದಕ್ಕೆ ಮನೆಗೆ ಬಂದರೆ ಹಾಲಿನ ನಡುವೆ ಸೂಟ್‌ಕೇಸು. ಅದರ ಮೇಲೆ ಮಡಿಸಿಟ್ಟ ಬೆಡ್‌ಶೀಟು, ಬೆಲ್ಲುವಿನ ಚಪ್ಪಲಿಯ ಹೊಸ ಡಬ್ಬ. ದೊಡ್ಡಮ್ಮನೂ ಬೆಲ್ಲುವೂ ಗೆಳತಿಯರಿಗೆ ಹೇಳಿಬರಲು ಹೋಗಿದ್ದಾರೆ, ಮೂರು ಗಂಟೆಗೆ ಬಸ್ಸು, ಎರಡು ವರ್ಷ ಅಲ್ಲೇ ಓದುತ್ತಾಳೆ ಎಂದು ಹೆಂಡತಿ ಸಲೀಸಾಗಿ ಹೇಳಿದಳು. ಯಾರು ಒಪ್ಪಿದ್ದು ಎಂದ. ಹೆಂಡತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಅಂಗಡೀಗೆ ಬಂದು ಕೇಳಿದಳಂತಲ್ಲ. ನಾನು ದೊಡ್ಡಮ್ಮನ ಊರಿಗೆ ಹೋದ್ರೆ ನಿಂಗೆ ಪರವಾಗಿಲ್ವಾ ಅಂತ. ನೀವೇ ಪರವಾಗಿಲ್ಲ ಅಂದ್ರಂತೆ. ಗಟ್ಟಿಯಾಗೇ ಅಂದ್ರಂತೆ."

ಮಾಮ ಸೂಟ್‌ಕೇಸಿನ ಪಕ್ಕ ನೆಲದ ಮೇಲೆ ಕೂತ. ಚಕ್ರ, ಕಂಪ್ರೆಸರ್ ಎಂದು ತೊದಲಿದ. ಹೆಂಡತಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ, ಬೆಲ್ಲುವಿನ ಮೇಜು ಖಾಲಿ ಮಾಡುವಾಗ ಸಿಕ್ಕಿದ ಒಂದು ಕಾಗದ ತಂದು ಕೈಗೆ ಕೊಟ್ಟಳು. ಮೇಡಂ ಹೇಳಿಕೊಟ್ಟ ಹಾಗೆ ಬರೆದದ್ದು, ಮಗಳ ಗುಂಡಗಿನ ಅಕ್ಷರ.

ಸಮಸ್ಯೆ: ಕ್ಲಾಸಿನಲ್ಲಿ ಎಲ್ಲರೂ 'ನಿಮ್ಮಪ್ಪ ಪರವಾಗಿಲ್ಲ, ಅಷ್ಟೇನೂ ಚೆನ್ನಾಗಿಲ್ಲ' ಎಂದು ಆಡಿಕೊಂಡು ನಗುತ್ತಾರೆ, ನನಗೆ ತಡೆಯಲು ಆಗುವುದಿಲ್ಲ. ದಾರಿ ಒಂದು: ಜಗಳ ಮಾಡುವುದು. ಮಾಡಿ ಆಯಿತು. ದಾರಿ ಎರಡು: ಅಪ್ಪನಿಗೆ ಬೇರೆ ಮಾತು ಕಲಿಸುವುದು. ಆಗದ ಹೋಗದ ಕೆಲಸ. ದಾರಿ ಮೂರು: ಆ ಮಾತು ಕೇಳಿಸದ ಊರಿಗೆ ಹೋಗುವುದು. ಅದರ ಕೆಳಗೆ ಸಣ್ಣದಾಗಿ: ಅಪ್ಪ ಬೇಡ ಅಂದರೆ ಹೋಗುವುದಿಲ್ಲ.

ಆ ಕೊನೆಯ ಸಾಲನ್ನು ಮಾಮ ಎಷ್ಟು ಸಲ ಓದಿದನೋ. ಒಡೆದ ಗಾಜು, ಸುರಿದ ನೀರು ಎಲ್ಲ ತನಗಾಗಿಯೇ. ತನ್ನ ಹೆಸರಿಗಾಗಿ ಜಗಳಾಡಿ ಬಂದವಳು ಬಾಗಿಲಿಗೆ ಒರಗಿ ನಿಂತು ಒಂದು ಒಳ್ಳೆಯ ಮಾತಿಗೆ ಕಾದಿದ್ದಳು. ತಾನು ಅವಳ ಮಾತಿಗೆ ಹೊರಗೆ ಕಾದಿದ್ದ ಹಾಗೆ ಅವಳೂ ಒಳಗೆ ಕಾದಿದ್ದಳು. ಒಂದು ಬಾಗಿಲಿನ ಎರಡು ಬದಿಗೆ ಇಬ್ಬರೂ ಮೂರು ವರ್ಷ ಕಳೆದಿದ್ದರು.

ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಅಂಗಡಿಗೆ ಹೋಗಿ, ಟ್ಯೂಬಿನ ಡಬ್ಬದ ಬೆನ್ನಿಗೆ ಪೆನ್ಸಿಲ್ ಹಿಡಿದು ಕೂತ. ಸಮಸ್ಯೆ: ಮಗಳು ಹೋಗುತ್ತಿದ್ದಾಳೆ ಎಂದು ಬರೆದ. ನೋಡಿದ. ಗೀರು ಬಿದ್ದ ಜಾಗ ಅದಲ್ಲ ಅನಿಸಿತು. ಅದನ್ನು ಹೊಡೆದುಹಾಕಿ, ನಾನು ಹೇಳಲಿಲ್ಲ ಎಂದು ಬರೆದ. ದಾರಿ ಒಂದು: ಅಪ್ಪನೆಂಬ ಜೋರು ಮಾಡಿ ನಿಲ್ಲಿಸುವುದು. ಮನಸ್ಸು ಅದರ ಕಡೆಗೇ ಜಗ್ಗಿತು; ಪೂರ್ತಿ ಸುತ್ತು ಕೊಟ್ಟುಬಿಡುವ ಆಸೆ ಅವನಿಗೂ ಇಲ್ಲದಿಲ್ಲ. ದಾರಿ ಎರಡು: ಸುಮ್ಮನಿರುವುದು. ಅದರಲ್ಲಿ ಅವನಷ್ಟು ಪಳಗಿದವರು ಯಾರಿದ್ದಾರೆ? ಮೂರನೆಯದನ್ನು ಬರೆಯಲು ಹೋಗಿ ಬರೆಯಲಾರದೆ ಕೂತು ಕೂತು ಗಡಿಯಾರ ನೋಡಿದರೆ ಎರಡೂವರೆ ದಾಟಿತ್ತು. ಕೈ ಸಹ ತೊಳೆಯದೆ ಅಂಗಡಿಯ ಸೈಕಲ್ಲು ಹತ್ತಿದ.

ಬಸ್ ನಿಲ್ದಾಣದಲ್ಲಿ ದೊಡ್ಡಮ್ಮ ಆಗಲೇ ಕಿಟಕಿ ಸೀಟು ಹಿಡಿದು ಕೂತಿದ್ದಳು. ಹೆಂಡತಿ ನೀರಿನ ಬಾಟಲಿ ತರಲು ಹೋಗಿದ್ದಳು. ಬೆಲ್ಲು ಬಸ್ಸಿನ ಬಾಗಿಲ ಕೆಳಗೆ, ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಹತ್ತಿರಲಿಲ್ಲ. ಮಾಮ ಸೈಕಲ್ಲನ್ನು ಕಂಬಕ್ಕೆ ಒರಗಿಸಿ ಬಂದು ಎದುರು ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಒಂದೂ ನೆನಪಾಗಲಿಲ್ಲ.

"ಬೆಲ್ಲು, ಅವತ್ತು ನಾನು ಪರವಾಗಿಲ್ಲ ಅಂದಿದ್ದು ಚಕ್ರಕ್ಕೆ," ಎಂದ. "ಕಂಪ್ರೆಸರ್ ಸದ್ದಲ್ಲಿ ನೀನು ಕೇಳಿದ್ದು ನಂಗೆ ಕೇಳಿಸಲೇ ಇಲ್ಲ."

ಅವಳ ಮುಖ ಕೆಂಪಾಯಿತು. ಮೂಗಿನ ಹೊಳ್ಳೆ ಅರಳಿತು. ಸಿಟ್ಟೋ, ಅಳುವೋ, ಅವನಿಗೆ ತಿಳಿಯಲಿಲ್ಲ. ಅವಳು ಕಣ್ಣು ಮುಚ್ಚಿದಳು, ಭುಜ ಮೇಲೇರಿ ಕೆಳಗಿಳಿಯಿತು. ಎಣಿಸುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಹತ್ತರ ತನಕ ಅವನೂ ಕಾದ.

"ಹಾಗಾದ್ರೆ ನಾನು ಹೋದ್ರೆ?" ಎಂದಳು.

ಮಾಮ ಬಾಯಿ ತೆರೆದ. ಹುಟ್ಟಿದಾಗಿನಿಂದ ಆಡಿದ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂತು. ಅದನ್ನು ಅರ್ಧಕ್ಕೆ ಹಿಡಿದು, ಜೀವಮಾನದ ಶಕ್ತಿಯನ್ನೆಲ್ಲ ಹಾಕಿ ಹೊರಳಿಸಿದ.

"ಪರವಾ ಇದೆ."

"ಏನು?"

"ನೀನು ಹೋದ್ರೆ ನಂಗೆ ಪರವಾ ಇದೆ. ತುಂಬಾ ಇದೆ."

"ಹಾಗೆ ಯಾರೂ ಹೇಳಲ್ಲ ಅಪ್ಪ," ಎಂದಳು. ನಗಲು ಹೋದಳು, ಧ್ವನಿ ಒಡೆಯಿತು. "ಅಂಥ ಮಾತೇ ಇಲ್ಲ."

ಇಲ್ಲದಿದ್ದರೆ ಇಲ್ಲ. ಒಮ್ಮೆ ಕಟ್ಟು ಬಿಚ್ಚಿದ ಮೇಲೆ ಮಾಮ ನಿಲ್ಲಲಿಲ್ಲ. ಆ ಚಕ್ರದಂಥ ಚಕ್ರವನ್ನು ತಾನು ಇಪ್ಪತ್ತೈದು ವರ್ಷದಲ್ಲಿ ನಾಲ್ಕೋ ಐದೋ ಮಾಡಿರಬಹುದು ಎಂದ. ಆರು ದಿನ ಸಿಟ್ಟು ತಡೆದದ್ದು ತನ್ನಿಂದಂತೂ ಆಗುತ್ತಿರಲಿಲ್ಲ ಎಂದ. ಫೋನಿನಲ್ಲಿ ಅವಳು ನಗುವುದನ್ನು ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೆ ಎಂದು ಅದನ್ನೂ ಹೇಳಿಬಿಟ್ಟ. ಮೇಡಂ ಹೇಳಿದ ಹಾಗೆ ಒಂದೊಂದಕ್ಕೂ ಹೆಸರಿಟ್ಟು ಹೊಗಳಿದ. ಅಕ್ಕಪಕ್ಕದವರು ತಿರುಗಿ ನೋಡುತ್ತಿದ್ದರು. ಬೆಲ್ಲು ತುಟಿ ಕಚ್ಚಿಕೊಂಡು ಕೇಳಿದಳು. ಎಲ್ಲ ಕೇಳಿದ ಮೇಲೆ ಕಂಪ್ರೆಸರ್ ಹಾಕಿದ್ದನ್ನು ನೋಡಿಯೇ ಆ ಹೊತ್ತಿಗೆ ಕೇಳಿದೆ, ಸದ್ದಿಲ್ಲದಾಗ ಕೇಳಲು ಧೈರ್ಯವಾಗಲಿಲ್ಲ ಎಂದು ಒಪ್ಪಿಕೊಂಡಳು.

ಡ್ರೈವರ್ ಬಂದು ಹಾರ್ನ್ ಹೊಡೆದ. ಮಾಮ ಬ್ಯಾಗಿಗೆ ಕೈ ಹಾಕಿದ. ಮನೆಗೆ ಒಯ್ಯಲು ಹಾಕಿದ ಕೈ ಅದು. ಬೆಲ್ಲು ಬ್ಯಾಗು ಬಿಡಲಿಲ್ಲ. ಅವನ ಗ್ರೀಸು ಮೆತ್ತಿದ ಕೈಯ ಮೇಲೆ ತನ್ನ ಕೈ ಇಟ್ಟಳು.

"ಅಪ್ಪ, ಬೆಳಿಗ್ಗೆಯಿಂದ ಬಸ್ ಹತ್ತೋಕೆ ನಂಗೆ ಕಾಲೇ ಬರ್ತಿರ್ಲಿಲ್ಲ. ನಾನು ಇಲ್ದಿದ್ರೆ ಇಲ್ಲಿ ಯಾರಿಗೂ ಏನೂ ಅನ್ಸಲ್ಲ ಅಂತ. ನೀನು ಈಗ ಹೇಳಿದ್ಯಲ್ಲ, ಈಗ ಹೋಗೋಕಾಗುತ್ತೆ."

ಉಳಿಸಿಕೊಳ್ಳಬೇಕೆಂದು ಹೇಳಿದ ಮಾತೇ ಅವಳನ್ನು ಕಳಿಸುತ್ತಿದೆ ಎಂದು ಮಾಮನಿಗೆ ಅರ್ಥವಾಯಿತು. ಬೇಡ ಎಂಬ ಒಂದು ಮಾತು ಸಾಕಿತ್ತು, ಅವಳು ಉಳಿಯುತ್ತಿದ್ದಳು. ಅವಳ ಕೈಬರಹವೇ ಅದಕ್ಕೆ ಸಾಕ್ಷಿ. ಆ ಮಾತು ಗಂಟಲ ತನಕ ಬಂದಿತ್ತು. ಅವನು ಅದನ್ನು ನುಂಗಿದ. ಬ್ಯಾಗನ್ನು ತಾನೇ ಎತ್ತಿ ಬಸ್ಸಿನ ಮೆಟ್ಟಿಲ ಮೇಲಿಟ್ಟ.

"ಚೆನ್ನಾಗಿ ಯೋಚನೆ ಮಾಡಿದ್ದೀಯ," ಎಂದ. "ಹೋಗಿ ಬಾ."

ಅವಳು ಹತ್ತಿದಳು. ಬಸ್ಸು ಹಿಂದಕ್ಕೆ ಬಂದು, ತಿರುಗಿ, ಗೇಟು ದಾಟಿತು. ಕಿಟಕಿಯಿಂದ ಹೊರಗೆ ಚಾಚಿದ ಅವಳ ಕೈ ಮೂಲೆ ತಿರುಗುವ ತನಕ ಕಾಣಿಸುತ್ತಿತ್ತು, ಆ ಕೈಯ ಮೇಲೆ ಅವನ ಗ್ರೀಸಿನ ಗುರುತೂ ಇದ್ದಿರಬೇಕು. ಹೆಂಡತಿ ಓಡೋಡಿ ಬಂದು ನೋಡಿದರೆ, ಯಾವತ್ತೂ ಕಣ್ಣು ಒದ್ದೆ ಮಾಡಿಕೊಳ್ಳದ ಗಂಡ ಅಷ್ಟು ಜನರ ನಡುವೆ ನಿಂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಅವಳು ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ, ಪಕ್ಕದಲ್ಲಿ ನಿಂತುಕೊಂಡಳು.